ರಾಗಿಯೂ ಜವೆಗೋಧಿಯೂ: ಕನಕದಾಸರ ಎರಡು ಕೃತಿಗಳ ಎದುರು ನಮ್ಮ ಕೃತಜ್ಞತಾಸ್ತುತಿ

‘ಕೃತಜ್ಞ’ ಎಂಬ ಪದವನ್ನು ಬಿಡಿಸಿದರೆ ‘ಮಾಡಿದ್ದನ್ನು ಅರಿತವನು’ ಎಂಬ ಅರ್ಥ ದೊರೆಯುತ್ತದೆ. ಅದರ ಎದುರು ಪದವಾದ ‘ಕೃತಘ್ನ’ ಎಂದರೆ ‘ಮಾಡಿದ್ದನ್ನು ಕೊಂದವನು’. ಸ್ತುತಿಯಾಗಲಿ ಕಾಣಿಕೆಯಾಗಲಿ ಈ ಪದದೊಳಗಿಲ್ಲ. ಇರುವುದು ಅರಿವು ಮಾತ್ರ. ಸಂತ ತೋಮಸ್ ಅಕ್ವಿನಾಸರು ‘ಸುಮ್ಮಾ ತಿಯೊಲೊಜಿಯೆ’ಯ ಎರಡನೆಯ ಭಾಗದ ಎರಡನೆಯ ಖಂಡದಲ್ಲಿ, 107ನೆಯ ಪ್ರಶ್ನೆಯನ್ನು ಚರ್ಚಿಸುವಾಗ, ಇದೇ ಕ್ರಮವನ್ನು ಮುಂದಿಡುತ್ತಾರೆ. ಪಡೆದ ಉಪಕಾರವನ್ನು ಗುರುತಿಸುವುದು ಮೊದಲನೆಯದು. ಅದನ್ನು ಮೆಚ್ಚಿ ವಂದಿಸುವುದು ಎರಡನೆಯದು. ತಕ್ಕ ಕಾಲದಲ್ಲಿ ಶಕ್ತ್ಯನುಸಾರ ಮರಳಿ ಸಲ್ಲಿಸುವುದು ಮೂರನೆಯದು. ಉಪಕಾರವನ್ನು ಗುರುತಿಸದೇ ಇರುವುದು ಕೃತಘ್ನತೆಯ ಅತ್ಯಂತ ಘೋರವಾದ ರೂಪವೆಂಬುದು ಅವರ ನಿರ್ಣಯ.

ನಮ್ಮ ಧರ್ಮಕೇಂದ್ರಗಳಲ್ಲಿ ಎರಡನೆಯ ಮತ್ತು ಮೂರನೆಯ ಹಂತಗಳಿಗೆ ಕೊರತೆಯಿಲ್ಲ. ಕೃತಜ್ಞತಾ ಬಲಿಪೂಜೆಗಳು ನಡೆಯುತ್ತವೆ, ಹರಕೆಗಳು ಸಲ್ಲುತ್ತವೆ, ಸುಗ್ಗಿಯ ಕಾಣಿಕೆಗಳು ಬಲಿಪೀಠದ ಮುಂದೆ ರಾಶಿಯಾಗುತ್ತವೆ. ಆದರೆ ಏನನ್ನು ನಾವು ದೇವರ ಔದಾರ್ಯವೆಂದು ಗುರುತಿಸುತ್ತೇವೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದು ವಿರಳ. ಹೊಸ ಮನೆ, ಮಕ್ಕಳ ಉದ್ಯೋಗ, ವಿದೇಶದ ವೀಸಾ, ಗೆದ್ದ ಮೊಕದ್ದಮೆ, ಫಲಿಸಿದ ಶಸ್ತ್ರಚಿಕಿತ್ಸೆ: ಇವು ನಮ್ಮ ಪೂಜಾ ಉದ್ದೇಶಗಳ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುತ್ತವೆ. ಇವು ವರಗಳಲ್ಲವೆಂದು ನಾವು ಹೇಳುತ್ತಿಲ್ಲ. ಇವು ಮಾತ್ರ ವರಗಳೆಂದು ಎಣಿಸಿದಾಗ, ಇವು ಯಾರಿಗೆ ದೊರೆಯಲಿಲ್ಲವೋ ಅವರ ಬಾಯಲ್ಲಿ ಯಾವ ಸ್ತುತಿ ಉಳಿಯುತ್ತದೆ ಎಂಬುದೇ ನಮ್ಮ ಪ್ರಶ್ನೆ.

ಈ ಪ್ರಶ್ನೆಯನ್ನು ನಾವು ಶಿಗ್ಗಾಂವ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕವಿಯೊಬ್ಬರ ಎರಡು ಕೃತಿಗಳ ಎದುರು ಇಟ್ಟು ನೋಡಬಯಸುತ್ತೇವೆ. ಕನಕದಾಸರ ‘ರಾಮಧಾನ್ಯಚರಿತೆ’ ಭಾಮಿನಿ ಷಟ್ಪದಿಯ ಕಿರುಗಾವ್ಯ. ‘ತಲ್ಲಣಿಸದಿರು ಕಂಡ್ಯ’ ಎಂದು ಮೊದಲಾಗುವುದು ಮನೆಮನೆಯಲ್ಲಿ ಹಾಡುವ ಕೀರ್ತನೆ. ಅನ್ಯ ಧರ್ಮಪರಂಪರೆಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲವೆಂದು 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ‘ನೊಸ್ತ್ರಾ ಎತಾತೆ’ ಘೋಷಣೆಯಲ್ಲಿ ಸಾರಿತು. ಆ ಮಾತನ್ನು ಗೌರವಿಸುವುದೆಂದರೆ ಕನಕರನ್ನು ಗುಪ್ತ ಕ್ರೈಸ್ತರನ್ನಾಗಿ ಮಾಡುವುದಲ್ಲ. ಅವರು ಕಾಗಿನೆಲೆಯ ಆದಿಕೇಶವನ ಭಕ್ತರಾಗಿಯೇ ಮಾತನಾಡಲಿ. ಅವರ ಮಾತು ನಮ್ಮನ್ನು ಎಲ್ಲಿ ತಾಕುತ್ತದೆ, ಎಲ್ಲಿ ನಾವು ಅವರಿಂದ ಬೇರೆಯಾಗುತ್ತೇವೆ ಎಂಬುದನ್ನು ಗಮನಿಸೋಣ. ನಮ್ಮ ವಾದ ಇಷ್ಟು: ಈ ಎರಡು ಕೃತಿಗಳು ಒಂದನ್ನೊಂದು ತಿದ್ದುತ್ತವೆ, ಹಾಗೆ ತಿದ್ದಿಕೊಂಡ ಕೃತಜ್ಞತೆಯೇ ಸುವಾರ್ತೆಯ ಕೃತಜ್ಞತೆಗೆ ಹತ್ತಿರವಾದುದು.

೧. ಭತ್ತದ ಸ್ತುತಿ

ಕಾವ್ಯದ ಕಥೆ ಓದುಗರಿಗೆ ಪರಿಚಿತವೇ. ಲಂಕೆಯಿಂದ ಮರಳುವ ರಾಮನಿಗೂ ಪರಿವಾರಕ್ಕೂ ಋಷಿಗಳ ಆಶ್ರಮದಲ್ಲಿ ಔತಣವಾಗುತ್ತದೆ. ಧಾನ್ಯಗಳಲ್ಲಿ ಯಾವುದು ಶ್ರೇಷ್ಠವೆಂಬ ಮಾತು ಬಂದಾಗ ಗೌತಮರು ನರೆದಲೆಗನನ್ನು, ಅಂದರೆ ರಾಗಿಯನ್ನು, ಎತ್ತಿ ಹಿಡಿಯುತ್ತಾರೆ. ವ್ರೀಹಿ, ಅಂದರೆ ಭತ್ತ, ಕೆರಳುತ್ತದೆ. ಯಜ್ಞಯಾಗಗಳಿಗೂ ಮದುವೆ ಮುಂಜಿಗಳಿಗೂ ತಾನೇ ಬೇಕು, ಉತ್ತಮರ ಊಟ ತಾನು, ಕೀಳಾದ ರಾಗಿ ತನಗೆ ಸಮವೇ ಎಂದು ಹಳಿಯುತ್ತದೆ. ಮಳೆ ಹೋಗಿ ಬರ ಬಂದಾಗ ಬಡವರನ್ನು ಬದುಕಿಸುವವನು ತಾನು, ನೀನು ಸಿರಿವಂತರ ಕಡೆಗೆ ವಾಲುವವನು ಎಂದು ರಾಗಿ ತಿರುಗಿ ನುಡಿಯುತ್ತದೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ಭತ್ತ ಸತ್ವಗೆಟ್ಟಿರುತ್ತದೆ, ರಾಗಿ ಹಾಗೆಯೇ ಉಳಿದಿರುತ್ತದೆ. ರಾಮ ರಾಗಿಗೆ ‘ರಾಘವ’ ಎಂಬ ತನ್ನ ಹೆಸರನ್ನೇ ಕೊಡುತ್ತಾನೆ. ಸೋತ ಭತ್ತವನ್ನೂ ಸಂತೈಸುತ್ತಾನೆ.

ಆಧುನಿಕ ಕನ್ನಡ ವಿಮರ್ಶೆ ಈ ಕಾವ್ಯವನ್ನು ಬಹುಮಟ್ಟಿಗೆ ವರ್ಣ ಮತ್ತು ವರ್ಗಗಳ ಸಂಘರ್ಷದ ರೂಪಕವಾಗಿ ಓದಿದೆ. ಆ ಓದು ಸರಿಯಾದುದೇ. ಆದರೆ ದೈವಶಾಸ್ತ್ರದ ಕಣ್ಣಿಗೆ ಇನ್ನೊಂದು ಸಂಗತಿ ಕಾಣುತ್ತದೆ. ಭತ್ತ ಸುಳ್ಳು ಹೇಳುತ್ತಿಲ್ಲ. ಅದು ಎಣಿಸುವ ಹಿರಿಮೆಗಳೆಲ್ಲ ನಿಜವಾಗಿಯೂ ಅದಕ್ಕೆ ದೊರೆತವು. ಅಕ್ಷತೆಯಾಗುವ ಭಾಗ್ಯ, ನೈವೇದ್ಯವಾಗುವ ಭಾಗ್ಯ ಅದರದು. ತಪ್ಪಿರುವುದು ಎಣಿಕೆಯಲ್ಲಲ್ಲ, ಎಣಿಕೆಯ ಅಳತೆಗೋಲಿನಲ್ಲಿ. ತನಗೆ ದೊರೆತದ್ದನ್ನು ಅದು ರಾಗಿಗೆ ದೊರೆಯದ್ದರಿಂದ ಅಳೆಯುತ್ತದೆ. ಪಡೆದದ್ದು ಅದರ ಬಾಯಲ್ಲಿ ತನ್ನ ಗುಣವಾಗಿ ಮಾರ್ಪಡುತ್ತದೆ.

ಇಲ್ಲಿ ಸಂತ ಲೂಕನ ಸುವಾರ್ತೆಯ 18ನೆಯ ಅಧ್ಯಾಯ ನೆನಪಾಗದೆ ಇರದು. ದೇವಾಲಯದಲ್ಲಿ ನಿಂತ ಫರಿಸಾಯನ ಪ್ರಾರ್ಥನೆಯನ್ನು ನಾವು ಸಾಮಾನ್ಯವಾಗಿ ಅಹಂಕಾರದ ಉದಾಹರಣೆಯಾಗಿ ಬೋಧಿಸುತ್ತೇವೆ. ಆ ಪ್ರಾರ್ಥನೆ ರೂಪದಲ್ಲಿ ಕೃತಜ್ಞತಾಸ್ತುತಿಯೆಂಬುದನ್ನು ಮರೆಯುತ್ತೇವೆ. ಅವನು ಬೇಡುತ್ತಿಲ್ಲ, ದೂರುತ್ತಿಲ್ಲ. ದೇವರಿಗೆ ವಂದನೆ ಹೇಳುತ್ತಿದ್ದಾನೆ. ಅವನ ಉಪವಾಸವೂ ದಶಾಂಶವೂ ನಿಜ. ಆದರೂ ನೀತಿವಂತನೆನಿಸಿ ಮನೆಗೆ ಹೋದವನು ಆತನಲ್ಲ. ಪಕ್ಕದಲ್ಲಿ ನಿಂತ ಸುಂಕದವನನ್ನು ತೋರಿಸಿ ಸಲ್ಲಿಸಿದ ವಂದನೆ ದೇವರಿಗೆ ತಲುಪುವುದಿಲ್ಲವೆಂದು ಯೇಸುಸ್ವಾಮಿ ತೀರ್ಪು ಕೊಟ್ಟರು. ನಮ್ಮ ಸಾಕ್ಷ್ಯಗಳಲ್ಲಿ, ವಾರ್ಷಿಕೋತ್ಸವದ ಭಾಷಣಗಳಲ್ಲಿ, ಕೆಲವೊಮ್ಮೆ ನಮ್ಮ ಪ್ರಬೋಧನೆಗಳಲ್ಲೂ ಈ ಭತ್ತದ ದನಿ ಕೇಳುತ್ತದೆ. ‘ಎಷ್ಟೋ ಜನರಿಗೆ ಇಲ್ಲದ್ದನ್ನು ದೇವರು ನಮಗೆ ಕೊಟ್ಟಿದ್ದಾನೆ’ ಎಂಬ ಮಾತು ಭಕ್ತಿಯ ಮಾತಿನಂತೆ ಕಾಣುತ್ತದೆ. ಆ ‘ಎಷ್ಟೋ ಜನರು’ ಅದೇ ಪೀಠದ ಸಾಲಿನಲ್ಲಿ ಕುಳಿತಿರುವಾಗ ಅದು ಏನಾಗುತ್ತದೆ?

ಕೊರಿಂಥದ ಸಭೆಯಲ್ಲಿ ಹೀಗೆಯೇ ಆಯಿತು. ಕೆಲವರು ತಮ್ಮ ಬುತ್ತಿಯನ್ನು ತಾವೇ ಉಂಡು ತೃಪ್ತರಾದರು, ಇಲ್ಲದವರು ಹಸಿದು ನೋಡುತ್ತ ಉಳಿದರು. ಅದು ಪ್ರಭುವಿನ ಭೋಜನವೇ ಅಲ್ಲವೆಂದು ಪೌಲರು ಮೊದಲನೆಯ ಪತ್ರದ 11ನೆಯ ಅಧ್ಯಾಯದಲ್ಲಿ ಕಟುವಾಗಿ ಬರೆದರು. ಪರಮಪ್ರಸಾದಕ್ಕೆ ಗ್ರೀಕಿನಲ್ಲಿರುವ ‘ಯೂಖರಿಸ್ತಿಯಾ’ ಎಂಬ ಹೆಸರಿನ ಅರ್ಥವೇ ಕೃತಜ್ಞತಾಸ್ತುತಿ. ಜಾತಿಯ ಗೆರೆ, ಅಂತಸ್ತಿನ ಗೆರೆ ನಮ್ಮ ಆಲಯಗಳ ಒಳಗೂ ದಾಟಿ ಬಂದಿರುವಲ್ಲಿ, ಕೃತಜ್ಞತೆಯ ಸಂಸ್ಕಾರವೇ ಕೃತಘ್ನತೆಯ ಸಭೆಯಾಗಬಲ್ಲದು.

೨. ರಾಗಿಯ ಗೆಲುವಿನ ಮಿತಿ

ಹೀಗಿದ್ದೂ ರಾಮಧಾನ್ಯಚರಿತೆಯಲ್ಲಿಯೇ ನಾವು ನಿಲ್ಲಲಾರೆವು. ರಾಗಿ ಗೆದ್ದದ್ದು ಹೇಗೆ? ಆರು ತಿಂಗಳ ಪರೀಕ್ಷೆಯಲ್ಲಿ ಕೆಡದೆ ಉಳಿದುದರಿಂದ. ರಾಮನ ಹೆಸರು ಅದಕ್ಕೆ ಬಂದದ್ದು ಗೆಲುವಿನ ನಂತರ. ಅವಮಾನಿತರಿಗೆ ನ್ಯಾಯ ಸಿಗಬೇಕೆಂಬ ಕಾವ್ಯದ ತುಡಿತ ದೊಡ್ಡದು. ಆದರೆ ನ್ಯಾಯ ಸಿಕ್ಕದ್ದು ಯೋಗ್ಯತೆಯ ದಾರಿಯಿಂದ. ಸೆರೆಯಲ್ಲಿ ರಾಗಿಯೂ ಹುಳು ಹಿಡಿದು ಹೋಗಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ಕಾವ್ಯದಲ್ಲಿ ಉತ್ತರವಿಲ್ಲ. ಸೋತವರನ್ನು ಸಂತೈಸುವ ಕೊನೆಯ ಭಾಗ ಆ ಉತ್ತರದ ಕಡೆಗೆ ಒಂದು ಹೆಜ್ಜೆ ಇಡುತ್ತದೆ, ಅಷ್ಟೇ.

ಕ್ರೈಸ್ತ ವರಪ್ರಸಾದದ ಬೋಧೆ ಈ ಪ್ರಶ್ನೆಯಿಂದಲೇ ಆರಂಭವಾಗುತ್ತದೆ. ಸಂತ ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ಸಂಜೆಯ ಹೊತ್ತಿಗೆ ಕೆಲಸಕ್ಕೆ ಬಂದ ಕೂಲಿಯಾಳಿಗೂ ಬೆಳಗಿನಿಂದ ದುಡಿದವನಿಗೂ ಒಡೆಯ ಒಂದೇ ದಿನಗೂಲಿ ಕೊಡುತ್ತಾನೆ. ಸಂಜೆ ಬಂದವನು ಸೋಮಾರಿಯಲ್ಲ. ಅವನನ್ನು ಯಾರೂ ಕರೆಯಲಿಲ್ಲ. ಬೆಳಗಿನ ಹೊತ್ತು ಪೇಟೆಯ ವೃತ್ತಗಳಲ್ಲಿ ಬುತ್ತಿ ಹಿಡಿದು ನಿಂತು, ಹತ್ತು ಗಂಟೆಯಾದರೂ ಯಾರೂ ಕರೆಯದೆ ಮನೆಗೆ ಮರಳುವವರನ್ನು ಕಂಡವರಿಗೆ ಈ ಸಾಮತಿಯ ಮರ್ಮ ಬೇಗ ತಿಳಿಯುತ್ತದೆ. ಬೆಳಗಿನ ಆಳುಗಳಿಗೆ ಒಪ್ಪಿದ ಕೂಲಿ ಪೂರ್ತಿಯಾಗಿಯೇ ಸಿಕ್ಕಿತು. ಆದರೂ ಅವರು ಗೊಣಗಿದರು. ಅವರ ಕೈಗೆ ಬಂದದ್ದು ಕಡಿಮೆಯಾಗಲಿಲ್ಲ, ಇನ್ನೊಬ್ಬನ ಕೈಗೆ ಬಂದದ್ದು ಸಮವಾಯಿತು ಎಂಬುದೇ ಅವರ ನೋವು. ದೇವರ ಔದಾರ್ಯವನ್ನು ಕಾಣುವ ಕಣ್ಣು ಕೆಡುವುದು ಕೊರತೆಯಿಂದಲ್ಲ, ಹೋಲಿಕೆಯಿಂದ ಎಂಬುದು ಸಾಮತಿಯ ಕೊನೆಯ ಪ್ರಶ್ನೆಯ ಹುರುಳು. ರಾಮಧಾನ್ಯಚರಿತೆಯನ್ನು ಮಾತ್ರ ಹಿಡಿದವರು, ಭತ್ತದ ಪಾಳಿ ಮುಗಿದು ರಾಗಿಯ ಪಾಳಿ ಬಂತೆಂದು ಹಿಗ್ಗುವ ಅಪಾಯವಿದೆ. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ರಾಗಿಗೂ ಜೋಳಕ್ಕೂ ಹೊಸ ಮಾನ ಬಂದಿತು. ಧಾನ್ಯದ ಮಾನ ಏರಿದ ಮಾತ್ರಕ್ಕೆ ಅದನ್ನು ತಲೆಮಾರುಗಳಿಂದ ಉಂಡು ಬದುಕಿದವರ ಮಾನ ಏರಿತೆಂದು ಹೇಳಬರುವುದಿಲ್ಲ.

೩. ಕಲ್ಲಿನೊಳಗಣ ಕಪ್ಪೆ

ಕೀರ್ತನೆಯಲ್ಲಿ ಕನಕರು ಬೇರೆ ದಾರಿ ಹಿಡಿಯುತ್ತಾರೆ. ಇಲ್ಲಿ ವಾದವಿಲ್ಲ, ತೀರ್ಪಿಲ್ಲ. ಬೆಟ್ಟದ ತುದಿಯ ಮರ, ಕಾಡಿನ ಮೃಗಪಕ್ಷಿಗಳು, ಬಣ್ಣ ತಳೆದ ನವಿಲು, ಕಲ್ಲಿನೊಳಗೆ ಹುಟ್ಟಿ ಕೂಗುವ ಕಪ್ಪೆ: ಇವಕ್ಕೆಲ್ಲ ನೀರನ್ನೂ ಆಹಾರವನ್ನೂ ಒದಗಿಸಿದವರು ಯಾರೆಂದು ಕವಿ ತಮ್ಮ ಮನಸ್ಸನ್ನೇ ಕೇಳುತ್ತಾರೆ. ಕಪ್ಪೆ ಯಾವ ಪರೀಕ್ಷೆಯನ್ನೂ ಗೆದ್ದಿಲ್ಲ. ಅದಕ್ಕೆ ಹಿರಿಮೆಯ ಮಾತೂ ಇಲ್ಲ, ಕೀಳರಿಮೆಯ ಮಾತೂ ಇಲ್ಲ. ಯಾರೂ ನೋಡದ ಕಡೆ ಅದು ಉಣ್ಣುತ್ತದೆ. ಆಕಾಶದ ಹಕ್ಕಿಗಳನ್ನೂ ಹೊಲದ ಹೂಗಳನ್ನೂ ತೋರಿಸಿ ಚಿಂತೆ ಬಿಡಲು ಹೇಳುವ ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯಕ್ಕೂ ಈ ಕೀರ್ತನೆಗೂ ಇರುವ ಸಾಮ್ಯವನ್ನು ಓದುಗರು ಹಲವು ಸಲ ಗಮನಿಸಿದ್ದಾರೆ. ಸಾಮ್ಯಕ್ಕಿಂತ ಮುಖ್ಯವಾದುದು ಎರಡರಲ್ಲೂ ಇರುವ ನೋಟದ ಶಿಸ್ತು. ಎರಡೂ ಕಡೆ ಆಜ್ಞೆ ‘ನಂಬಿ’ ಎಂಬುದಕ್ಕಿಂತ ಮೊದಲು ‘ನೋಡಿ’ ಎಂಬುದು. ಅಕ್ವಿನಾಸರು ಹೇಳಿದ ಮೊದಲನೆಯ ಹಂತ ಇದೇ.

ಐತಿಹ್ಯದ ಪ್ರಕಾರ ಈ ಕವಿ ಪಾಳೆಯಗಾರ ಮನೆತನದಲ್ಲಿ ತಿಮ್ಮಪ್ಪನಾಯಕನಾಗಿ ಬೆಳೆದವರು. ನೆಲದಲ್ಲಿ ದೊರೆತ ಹೊನ್ನನ್ನು ದೇವಾಲಯಕ್ಕೂ ಜನರಿಗೂ ವಿನಿಯೋಗಿಸಿ ಕನಕನೆನಿಸಿದವರು. ಯುದ್ಧದಲ್ಲಿ ಸೋತು ಗಾಯಗೊಂಡ ಮೇಲೆ ಹರಿದಾಸರಾದವರು. ಹೊನ್ನನ್ನು ಕಂಡವರೂ ಎಲ್ಲವನ್ನೂ ಕಳೆದುಕೊಂಡವರೂ ಒಬ್ಬರೇ ಎಂದು ಜನಮನ ನೆನೆಯುತ್ತದೆ. ಕಪ್ಪೆಯ ಊಟವನ್ನು ಗಮನಿಸುವ ಕಣ್ಣು ಅಂಥವರದು.

ಆದರೆ ಈ ಕೀರ್ತನೆಗೂ ಒಂದು ಅಪಾಯವಿದೆ, ಮತ್ತು ಅದು ನಮ್ಮ ಪ್ರಬೋಧನಾ ಪೀಠದ ಅಪಾಯ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. ಬಿತ್ತಿದ ಗೋವಿನಜೋಳ ಮೊಳಕಾಲೆತ್ತರದಲ್ಲೇ ಒಣಗಿದ ಹೊಲದ ಒಡೆಯನಿಗೆ, ಬೀಜ ಗೊಬ್ಬರದ ಸಾಲದ ಕಂತು ಎದುರಿಗಿರುವಾಗ, ತಲ್ಲಣಿಸಬೇಡವೆಂದು ಹೇಳುವವರು ಯಾರು? ಕನಕರು ತಮ್ಮ ಮನಸ್ಸಿಗೆ ಹೇಳಿಕೊಂಡರು. ತಾನು ತನ್ನ ಮನಸ್ಸಿಗೆ ಹೇಳಿಕೊಂಡರೆ ವಿಶ್ವಾಸವಾಗುವ ಮಾತು, ತಿಂಗಳ ಸಂಬಳವೋ ಧರ್ಮಕೇಂದ್ರದ ಆಶ್ರಯವೋ ಇರುವವನು ಸಾಲಗಾರನಿಗೆ ಹೇಳಿದರೆ ಉಡಾಫೆಯಾಗುತ್ತದೆ. ಉಡಲು ಬಟ್ಟೆಯಿಲ್ಲದ, ಉಣ್ಣಲು ಅನ್ನವಿಲ್ಲದ ಸೋದರನಿಗೆ ಬರಿಯ ಶುಭ ನುಡಿದು ಕಳುಹಿಸುವುದರಿಂದ ಏನು ಪ್ರಯೋಜನವೆಂದು ಸಂತ ಯಕೋಬರು ತಮ್ಮ ಪತ್ರದ ಎರಡನೆಯ ಅಧ್ಯಾಯದಲ್ಲಿ ಕೇಳಿದ್ದು ಇದನ್ನೇ.

ಇಲ್ಲಿ ರಾಮಧಾನ್ಯಚರಿತೆ ಮತ್ತೆ ಬೇಕಾಗುತ್ತದೆ. ಬರದ ವರ್ಷದಲ್ಲಿ ಯಾರು ಯಾರ ಪಕ್ಕ ನಿಂತರೆಂದು ಅದು ಕೇಳುತ್ತದೆ. ರಾಗಿಯ ಹಿರಿಮೆ ತಾನು ಕೆಡದೆ ಉಳಿದುದರಲ್ಲಿ ಮಾತ್ರವಿಲ್ಲ; ಮಳೆಯಿಲ್ಲದ ವರ್ಷ ಬಡವನ ಒಲೆಯ ಮೇಲಿದ್ದುದರಲ್ಲಿದೆ. ರಾಮಧಾನ್ಯಚರಿತೆಯಿಲ್ಲದ ಕೀರ್ತನೆ ಅಗ್ಗದ ಸಾಂತ್ವನವಾಗಬಹುದು. ಕೀರ್ತನೆಯಿಲ್ಲದ ರಾಮಧಾನ್ಯಚರಿತೆ ಯೋಗ್ಯತೆಯ ಪೈಪೋಟಿಯಾಗಬಹುದು. ಒಂದೇ ಕವಿಯ ಕೈಯಿಂದ ಎರಡೂ ಬಂದುವೆಂಬುದು ನಮ್ಮ ಭಾಗ್ಯ.

೪. ಜವೆಗೋಧಿಯ ಐದು ರೊಟ್ಟಿ

ಈ ಎರಡು ನೋಟಗಳು ಒಂದಾಗುವ ಸ್ಥಳ ಸಂತ ಯೊವಾನ್ನನ ಸುವಾರ್ತೆಯ 6ನೆಯ ಅಧ್ಯಾಯ. ಐದು ರೊಟ್ಟಿಗಳ ಅದ್ಭುತವನ್ನು ನಾಲ್ಕು ಸುವಾರ್ತೆಗಳೂ ವಿವರಿಸುತ್ತವೆ. ಆ ರೊಟ್ಟಿಗಳು ಜವೆಗೋಧಿಯವು ಎಂದು ಹೇಳುವವನು ಯೊವಾನ್ನನೊಬ್ಬನೇ. ಪಾಲೆಸ್ತೀನದಲ್ಲಿ ಗೋಧಿ ಉಳ್ಳವರ ಧಾನ್ಯ, ಜವೆಗೋಧಿ ಬಡವರ ಧಾನ್ಯ. ಶಿಗ್ಗಾಂವದ ಸೀಮೆಯಲ್ಲಿ ಜೋಳ, ಕನಕರ ಕಾವ್ಯದಲ್ಲಿ ರಾಗಿ, ಗಲಿಲೇಯದಲ್ಲಿ ಜವೆಗೋಧಿ. ಯೇಸುಸ್ವಾಮಿ ಅದನ್ನು ಗೋಧಿಯಾಗಿ ಬದಲಿಸಲಿಲ್ಲ. ಅದನ್ನೇ ಕೈಗೆತ್ತಿಕೊಂಡು ಕೃತಜ್ಞತಾಸ್ತುತಿ ಸಲ್ಲಿಸಿದರು.

ಸ್ತುತಿ ಸಲ್ಲಿಸಿದ ಹೊತ್ತನ್ನು ಗಮನಿಸಬೇಕು. ಹನ್ನೆರಡು ಬುಟ್ಟಿ ತುಂಬಿದ ಮೇಲೆ ಅಲ್ಲ. ಐದೇ ರೊಟ್ಟಿಗಳು ಇದ್ದಾಗ, ಇಷ್ಟು ಜನಕ್ಕೆ ಇದು ಎಲ್ಲಿ ಸಾಕೆಂದು ಅಂದ್ರೆಯ ಕೈಚೆಲ್ಲಿದ ಬೆನ್ನಿಗೆ. ಕೃತಜ್ಞತೆ ಸಮೃದ್ಧಿಯ ಫಲವಾಗಿರಲಿಲ್ಲ. ಹಾಗೆಂದು ಅದು ಕೊರತೆಯನ್ನು ಮರೆಮಾಚಲೂ ಇಲ್ಲ. ಕೊರತೆಯ ಲೆಕ್ಕ ಶಿಷ್ಯರ ಬಾಯಿಂದ ಆಗಲೇ ಬಂದಿತ್ತು. ಮತ್ತು ಸ್ತುತಿಸಿದ ಕೈಯೇ ಹಂಚಿತು. ಗುರುತಿಸುವುದು, ಸ್ತುತಿಸುವುದು, ಸಲ್ಲಿಸುವುದು: ಮೂರೂ ಹಂತಗಳು ಒಂದೇ ಕ್ರಿಯೆಯಲ್ಲಿ ಸೇರಿದವು. ಮರಳಿ ಸಲ್ಲಿಸಿದ್ದು ಮಾತ್ರ ಹಸಿದವರಿಗೆ.

ಹಾವೇರಿ ಸೀಮೆಯ ರೈತ ಮನೆತನಗಳಿಗೆ ಈ ಕ್ರಮ ಅಪರಿಚಿತವಲ್ಲ. ಸೀಗೆ ಹುಣ್ಣಿಮೆಗೂ ಎಳ್ಳ ಅಮಾವಾಸ್ಯೆಗೂ ಅಡುಗೆಯನ್ನು ಹೊಲಕ್ಕೆ ಹೊತ್ತೊಯ್ದು, ಭೂಮಿತಾಯಿಯನ್ನು ಪೂಜಿಸಿ, ತಾವು ಉಣ್ಣುವ ಮೊದಲು ಹೊಲದ ತುಂಬ ಚರಗ ಚೆಲ್ಲುತ್ತಾರೆ. ಆಗ ಬೆಳೆ ಇನ್ನೂ ಹೊಲದಲ್ಲೇ ನಿಂತಿರುತ್ತದೆ. ರಾಶಿ ಎಷ್ಟಾಗುವುದೋ ಯಾರಿಗೂ ತಿಳಿಯದು. ಹಕ್ಕಿಗೂ ಹುಳುವಿಗೂ ಪಾಲು ಮೊದಲೇ ಸಲ್ಲುತ್ತದೆ. ಆ ಪೂಜೆಯ ದೇವತಾಭಾವನೆಯಿಂದ ನಾವು ಬೇರೆಯಾಗಿಯೇ ನಿಲ್ಲುತ್ತೇವೆ: ಭೂಮಿ ನಮಗೆ ಸೃಷ್ಟಿ, ಸೃಷ್ಟಿಕರ್ತನಲ್ಲ. ಆದರೆ ಹೊಲದ ಅಂಚನ್ನು ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬ ಯಾಜಕಕಾಂಡದ 19ನೆಯ ಅಧ್ಯಾಯದ ಆಜ್ಞೆಯನ್ನು ಬೋಧಿಸುವವರಿಗೆ ಚರಗಕ್ಕಿಂತ ಹತ್ತಿರದ ವ್ಯಾಖ್ಯಾನ ಸಿಗುವುದು ಕಷ್ಟ. ಕರಾವಳಿಯ ಕಥೋಲಿಕರು ಸೆಪ್ಟೆಂಬರ್ 8ರಂದು, ಮಾತೆ ಮರಿಯಳ ಜನನದ ಹಬ್ಬದಲ್ಲಿ, ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚಿ, ಕಾಳನ್ನು ಮನೆಮಂದಿಯೆಲ್ಲ ಕೂಡಿ ಉಣ್ಣುವುದರಲ್ಲೂ ಇದೇ ಅರಿವಿದೆ: ತೆನೆಯಲ್ಲಿ ಎಲ್ಲರಿಗೂ ಪಾಲಿದೆ.

೫. ಋಣವೋ ವರವೋ

ಕೃತಜ್ಞತೆಯನ್ನು ಕನ್ನಡದಲ್ಲಿ ಬೋಧಿಸುವಾಗ ‘ಋಣ’ ಎಂಬ ಪದ ತಾನಾಗಿ ನಾಲಿಗೆಗೆ ಬರುತ್ತದೆ. ಅನ್ನದ ಋಣ, ಮಣ್ಣಿನ ಋಣ, ತಾಯಿತಂದೆಯ ಋಣ: ಇವು ಬೆಲೆಯುಳ್ಳ ಮಾತುಗಳು. ಆದರೆ ಸಾಲದ ಶೂಲಕ್ಕೆ ಸಿಕ್ಕಿದ ಕುಟುಂಬಗಳಿರುವ ಸೀಮೆಯಲ್ಲಿ ದೇವರನ್ನು ಇನ್ನೊಬ್ಬ ಸಾಲಿಗನನ್ನಾಗಿ ತೋರಿಸದಂತೆ ಎಚ್ಚರ ಬೇಕು. ಋಣ ತೀರಿಸಬೇಕಾದದ್ದು, ತೀರದಿದ್ದರೆ ಬೆಳೆಯುವಂಥದು. ವರ ತೀರಿಸಲಾಗದ್ದು, ಹಂಚಿದರೆ ಬೆಳೆಯುವಂಥದು. ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲಿ, ಮತ್ತಾಯನ ಮೂಲ ಗ್ರೀಕಿನ ಪ್ರಕಾರ, ನಾವು ಬೇಡುವುದು ಸಾಲಮನ್ನಾವನ್ನು. ಕೊಡುವ ಮಾತೂ ಸಾಲಮನ್ನಾದ್ದೇ. ಹರಕೆ ತೀರದೆ ಉಳಿದ ಭಯದಿಂದ ತಲ್ಲಣಿಸುವ ಭಕ್ತರಿಗೆ ಈ ವ್ಯತ್ಯಾಸವನ್ನು ತಿಳಿಯಹೇಳುವುದು ಪಾಪನಿವೇದನೆಯ ಪೀಠದಲ್ಲಿ ಕುಳಿತ ಯಾಜಕನ ಕರ್ತವ್ಯ.

ಇದರಿಂದ ನಮ್ಮ ಆಚರಣೆಗಳಿಗೆ ಕೆಲವು ತಿದ್ದುಪಡಿಗಳು ಒದಗುತ್ತವೆ. ಸುಗ್ಗಿಯ ಸ್ತುತಿಪೂಜೆಯಲ್ಲಿ ಕಾಣಿಕೆಯ ಮೊತ್ತವನ್ನೂ ಹೆಸರನ್ನೂ ಧ್ವನಿವರ್ಧಕದಲ್ಲಿ ಸಾರುವ ರೂಢಿಯಿದ್ದಲ್ಲಿ ಅದನ್ನು ಕೈಬಿಡಬೇಕು; ಎರಡು ಕಾಸು ಹಾಕಿದ ವಿಧವೆಯನ್ನು ಯೇಸುಸ್ವಾಮಿ ಗುರುತಿಸಿದ್ದು ಯಾರೂ ಸಾರದೆ. ಬೆಳೆ ಕೈಕೊಟ್ಟ ವರ್ಷ ಆ ಪೂಜೆಯನ್ನು ನಿಲ್ಲಿಸಬಾರದು, ಬೆಳೆ ಬಂದಂತೆ ನಟಿಸಲೂ ಬಾರದು. ಪ್ರವಾದಿ ಹಬಕ್ಕೂಕನ 3ನೆಯ ಅಧ್ಯಾಯದ ಕೊನೆಯಲ್ಲಿ ಇದರ ಮಾದರಿಯಿದೆ: ಚಿಗುರದ ಅಂಜೂರ, ಫಲವಿಲ್ಲದ ದ್ರಾಕ್ಷಿ, ಬರಿದಾದ ಹಟ್ಟಿ ಎಂದು ನಷ್ಟವನ್ನು ಒಂದೊಂದಾಗಿ ಹೆಸರಿಸಿ, ಅನಂತರವೇ ಪ್ರವಾದಿ ಪ್ರಭುವಿನಲ್ಲಿ ಆನಂದಿಸುತ್ತಾನೆ. ವಿಶ್ವಾಸಿಗಳ ಬಿನ್ನಹಗಳಲ್ಲಿ ಒಣಗಿದ ಹೊಲಗಳೂ ಹೆಸರಿಸಲ್ಪಡಲಿ. ಊಟದ ಮುಂಚೆ, ಊಟದ ಬಳಿಕ ವಂದನೆ ಹೇಳುವ ಹಳೆಯ ರೂಢಿಯನ್ನು ಮರಳಿ ತರಬೇಕೆಂದು ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸಿ’ ಪತ್ರದ 227ನೆಯ ಪರಿಚ್ಛೇದದಲ್ಲಿ ಕೇಳಿಕೊಂಡರು. ಆ ವಂದನೆ ದುಡಿದವರನ್ನೂ ಹಸಿದವರನ್ನೂ ನೆನೆಯಬೇಕೆಂದರು. ಗುರುಮಠದ ಊಟದ ಮನೆಯಲ್ಲಿ ಆ ಪ್ರಾರ್ಥನೆ ಗಡಿಬಿಡಿಯಲ್ಲಿ ಮುಗಿಯುವುದಾದರೆ, ಹೊಲದ ಬದುವಿನಲ್ಲಿ ನಿಂತು ಕೃತಜ್ಞತೆ ಬೋಧಿಸುವ ಯಾಜಕ ಅಲ್ಲಿ ತಯಾರಾಗಲಾರ.

ಬಲಿಪೂಜೆಯ ಪ್ರಾರಂಭಸ್ತುತಿಯಲ್ಲಿ ನಾವು ಎಲ್ಲ ಕಾಲದಲ್ಲೂ ಎಲ್ಲ ಕಡೆಯಲ್ಲೂ ದೇವರಿಗೆ ವಂದಿಸುವುದು ಯುಕ್ತವೆಂದು ಒಪ್ಪಿಕೊಳ್ಳುತ್ತೇವೆ. ಆ ‘ಎಲ್ಲ ಕಾಲ’ದೊಳಗೆ ಬರಗಾಲವೂ ಸೇರಿದೆ, ಆ ‘ಎಲ್ಲ ಕಡೆ’ಯೊಳಗೆ ಕಲ್ಲಿನ ಒಳಗೂ ಸೇರಿದೆ. ಅಂಥ ಕಾಲದಲ್ಲಿ, ಅಂಥ ಕಡೆ ನಿಂತವನ ಪಕ್ಕ ರೊಟ್ಟಿ ಹಿಡಿದು ನಿಂತವರಿಗೆ ಮಾತ್ರ ಆ ಮಾತನ್ನು ಅವನೊಂದಿಗೆ ಕೂಡಿ ಹೇಳುವ ಅಧಿಕಾರವಿದೆ.